ಕೋಡಿ ದಂಡೆಯಲ್ಲಿ ಮಾಣಿ ಗಾಳ ಹಾಕುವ ವಿಷಯ

ಹಾಂ ಮಗಾ, ನಿನ್ನ ಮೆಸೇಜ್ ನೋಡಿದೆ. ಟೈಪ್ ಮಾಡಿದ್ರೆ ನನಗೆ ಸಂಜೆ ಆಗ್ತದೆ, ಹಾಗಾಗಿ ಮಾತಲ್ಲೇ ಹೇಳ್ತೇನೆ. ಉದ್ದ ಆಯ್ತು ಅಂತ ಅರ್ಧಕ್ಕೆ ಬಿಡ್ಬೇಡ. ಮಾಣಿ ಗಾಳ ಹಾಕ್ಲಿಕ್ಕೆ ಕುಂದಾಪುರದ ಕೋಡಿಯ ಕಲ್ಲಿನ ದಂಡೆಗೆ ಹೋದಾಗೆಲ್ಲ ಅವನ ದಾರ ಪಕ್ಕದವರ ದಾರಕ್ಕೆ ಸುತ್ತಿಕೊಳ್ತದೆ, ಹೋದ ಭಾನುವಾರ ಯಾರೋ ಬೈದು ಇವನ ದಾರವನ್ನೇ ಕತ್ತರಿಸಿ ಬಿಸಾಡಿದ್ರು, ಯಾಕೆ ಹೀಗೆ ಸುತ್ತಿಕೊಳ್ತದೆ, ಇನ್ನು ಕಳಿಸುದಾ ಬೇಡ್ವಾ ಅಂತ ಅಲ್ವಾ ನಿನ್ನ ಪ್ರಶ್ನೆ. ಕಳಿಸು. ಬೈದದ್ದು, ಕತ್ತರಿಸಿದ್ದು ಎಲ್ಲ ಸಣ್ಣ ಸಂಗತಿ. ಅದಕ್ಕಿಂತ ದೊಡ್ಡದು ಒಂದುಂಟು, ಅದನ್ನು ಮೊದಲು ಕೇಳು.

ಅಳಿವೆಯ ಆಚೆ, ಗಂಗೊಳ್ಳಿ ಬದಿಯ ದಂಡೆಯಲ್ಲಿ ನನ್ನ ಕಣ್ಣೆದುರೇ ಆದದ್ದು. ನೀರು ಇಳಿದಿತ್ತು, ಒಬ್ಬನ ಸೀಸ, ಅಂದ್ರೆ ಗಾಳ ಮುಳುಗ್ಲಿಕ್ಕೆ ದಾರಕ್ಕೆ ಕಟ್ಟುವ ಭಾರ, ಕಲ್ಲಿನ ಸಂದಿಗೆ ಸಿಕ್ಕಿತು. ನೂರು ಗ್ರಾಂನ ಸೀಸ. ಅವ ಗಾಳದ ರಾಡನ್ನು ಮೇಲಕ್ಕೆತ್ತಿ ಎರಡು ಸಲ ಜಗ್ಗಿದ, ಬರ್ಲಿಲ್ಲ. ಮೂರನೇ ಸಲ ಮೈಭಾರ ಎಲ್ಲ ಹಾಕಿ ಜಗ್ಗಿದ. ಸೀಸ ಕಲ್ಲಿಂದ ಬಿಟ್ಟದ್ದೇ ಬಿಟ್ಟದ್ದು, ಬಂದದ್ದು ಯಾರಿಗೂ ಕಾಣ್ಲಿಲ್ಲ. ಪಕ್ಕದಲ್ಲಿ ನಿಂತು ಗಾಳಕ್ಕೆ ಸಿಗಡಿ ಚುಚ್ಚುತ್ತಿದ್ದವನ ಹುಬ್ಬಿನ ಮೂಳೆಗೆ ಬಡಿಯಿತು. ಒಂದು ಬೆರಳು ಕೆಳಗೆ ಬಡಿದಿದ್ರೆ ಕಣ್ಣೇ ಹೋಗ್ತಿತ್ತು. ತಂಗೂಸಿ, ಅಂದ್ರೆ ಒಂಟಿ ಎಳೆಯ ನೈಲಾನ್ ದಾರ, ಎಳೆದ ಹಾಗೆ ರಬ್ಬರಿನಂತೆ ಉದ್ದ ಆಗ್ತದೆ, ರಾಡೂ ಬಾಗ್ತದೆ. ಅಷ್ಟೂ ಬಲ ಕೂಡಿಕೊಂಡಿದ್ದು ಒಂದೇ ಕ್ಷಣದಲ್ಲಿ ಸೀಸದ ಮೇಲೆ ಬೀಳ್ತದೆ. ಸಣ್ಣ ಎಳೆ ಹೆಣೆದು ಮಾಡಿದ ಬ್ರೇಡ್ ದಾರ ಹಿಗ್ಗುದು ಕಡಿಮೆ, ಆದ್ರೆ ರಾಡ್ ಬಾಗುದು ಇದ್ದೇ ಉಂಟಲ್ಲ. ಹಾಗಾಗಿ ಕಲ್ಲಿಗೆ ಸಿಕ್ಕಿದ ಸೀಸವನ್ನು ರಾಡ್ ಎತ್ತಿ, ಮುಖ ಎದುರಿಟ್ಟು ಜಗ್ಗಲೇ ಬಾರದು.

ಮತ್ತೆ ಬಿಡಿಸುದು ಹೇಗೆ? ಮೊದಲು ಎರಡೂ ಬದಿಯವರಿಗೆ ಕೂಗಿ ಹೇಳ್ಬೇಕು, "ಸಿಕ್ಕಿದೆ, ಎಳೀತೇನೆ" ಅಂತ. ಆಮೇಲೆ ದಾರ ಸಡಿಲ ಬಿಟ್ಟು ಅರ್ಧ ನಿಮಿಷ ಕಾಯ್ಬೇಕು. ಎಷ್ಟೋ ಸಲ ನೀರಿನ ಸೆಳೆತವೇ ಬಿಡಿಸಿ ಕೊಡ್ತದೆ. ಆಗ್ಲಿಲ್ಲ ಅಂದ್ರೆ ನಾಲ್ಕು ಹೆಜ್ಜೆ ಬದಿಗೆ ಹೋಗಿ, ಸಿಕ್ಕಿದ ದಿಕ್ಕಿಗೆ ವಿರುದ್ಧವಾಗಿ ಮೆಲ್ಲಗೆ ಎಳೆದು ನೋಡ್ಬೇಕು. ಅದೂ ಆಗದಿದ್ರೆ ರಾಡಿನ ತುದಿಯನ್ನು ನೇರ ಸಿಕ್ಕಿದ ಜಾಗಕ್ಕೇ ತೋರಿಸಿ, ರೀಲಿನಲ್ಲಿ ದಾರ ಸುತ್ತಿರುವ ಸ್ಪೂಲ್ ತಿರುಗದ ಹಾಗೆ ಅಂಗೈಯಲ್ಲಿ ಒತ್ತಿ ಹಿಡಿದು, ಮುಖ ಆಚೆ ತಿರುಗಿಸಿ, ಕಾಲಿಡುವ ಜಾಗ ನೋಡಿಕೊಂಡು ಹಿಂದೆ ಹಿಂದೆ ನಡೀಬೇಕು. ಒಂದೋ ಬಿಡ್ತದೆ, ಇಲ್ಲ ತುಂಡಾಗ್ತದೆ. ಬ್ರೇಡನ್ನು ಕೈಗೆ ಸುತ್ತಿಕೊಂಡು ಎಳೀಲಿಕ್ಕೇ ಇಲ್ಲ, ಬೆರಳು ಕೊಯ್ದು ಹಾಕ್ತದೆ. ಒಂದು ಕೋಲಿಗೆ ಸುತ್ತಿ ಎಳೀಬೇಕು.

ಸೀಸ ಕಟ್ಟುವಲ್ಲಿ ಒಂದು ಗೇಣು ಬಡ ದಾರ ಹಾಕುವ ಉಪಾಯ ಉಂಟು. ಮುಖ್ಯ ದಾರ 30 ಪೌಂಡ್ ಎಳೆತ ತಡೆಯುವಂಥದ್ದಾದ್ರೆ ಇದು 10 ಪೌಂಡಿಂದು. ಸಿಕ್ಕಿಕೊಂಡ್ರೆ ಅಲ್ಲೇ ಕಡಿದು ಸೀಸ ಮಾತ್ರ ಹೋಗ್ತದೆ, ಗಾಳ ವಾಪಸ್ ಬರ್ತದೆ. ಆದ್ರೆ ಇದು ಹತ್ತಿರಕ್ಕೆ ಮೆಲ್ಲಗೆ ಎಸೆಯುವವರಿಗೆ ಮಾತ್ರ. ಇದನ್ನು ಕಟ್ಟಿ ದೂರಕ್ಕೆ ಜೋರಾಗಿ ಬೀಸಿದ್ರೆ ಬೀಸುವಾಗಲೇ ಕಡಿದು ಸೀಸ ಯಾರ ತಲೆಗೆ ಹೋಗ್ತದೋ ಹೇಳ್ಲಿಕ್ಕಾಗುದಿಲ್ಲ. ದೂರ ಬೀಸುವವರು ಮುಖ್ಯ ದಾರದ ತುದಿಗೆ ಲೀಡರ್ ಅಂತ ಇನ್ನೊಂದು ದಪ್ಪ ದಾರ ಕಟ್ಟಬೇಕು. ಸೀಸದ ಪ್ರತಿ 28 ಗ್ರಾಂಗೆ 10 ಪೌಂಡ್ ಅಂತ ಲೆಕ್ಕ. 100 ಗ್ರಾಂ ಸೀಸಕ್ಕೆ ಲೆಕ್ಕದಲ್ಲಿ 36ರ ಹತ್ತಿರ ಬರ್ತದೆ, 40 ಹಾಕಿದ್ರೆ ನಿಶ್ಚಿಂತೆ. ಬೀಸಲು ನಿಂತಾಗ ಆ ಲೀಡರ್ ರೀಲಿಗೆ ನಾಲ್ಕೈದು ಸುತ್ತು ಬರುವಷ್ಟು ಉದ್ದ ಇರ್ಬೇಕು.

ಮತ್ತೆ ಬೀಸುವ ಮೊದಲು ಹಿಂದೆ ನೋಡ್ಲೇಬೇಕು. ಕೋಡಿಯಲ್ಲಿ ಬೆನ್ನ ಹಿಂದೆಯೇ ಸೀವಾಕ್, ಐಸ್‌ಕ್ರೀಂ ಹಿಡ್ಕೊಂಡ ಮಕ್ಕಳು ಓಡ್ತಾ ಇರ್ತವೆ. ಜನ ಇರುವಲ್ಲಿ ರಾಡನ್ನು ಅಡ್ಡ ಬೀಸ್ಲಿಕ್ಕಿಲ್ಲ, ತಲೆಯ ಮೇಲಿಂದ ನೇರ ಮುಂದಕ್ಕೇ ಹೋಗ್ಬೇಕು. ಇನ್ನೊಮ್ಮೆ ಹೇಳ್ತೇನೆ, ಮಾಣಿಗೆ ಈ ಜಾಗ ಮಾತ್ರ ಎರಡು ಸಲ ಕೇಳಿಸು: ಸಿಕ್ಕಿದ ಸೀಸಕ್ಕೆ ಮುಖ ಎದುರಿಟ್ಟು ಜಗ್ಗಬಾರದು. ಪಕ್ಕದವ ಹಾಗೆ ಜಗ್ತಿದ್ರೆ ಇವ ಅಲ್ಲಿಂದ ಸರೀಬೇಕು. ನಾಚಿಕೆ ಮಾಡ್ಲಿಕ್ಕಿಲ್ಲ.

ಮೊದಲು ಅಲ್ಲಿ ಕೈಯಲ್ಲೇ ದಾರ ಹಿಡಿದು ಕೂರುವವರು ಇದ್ದದ್ದು. ಬಂದವ "ಇಲ್ಲಿ ಹಾಕ್ಲಾ?" ಅಂತ ಕೇಳಿಯೇ ಕೂರ್ತಿದ್ದ, ಮಧ್ಯೆ ಎರಡು ರಾಡ್ ಉದ್ದ ಜಾಗ ಬಿಡ್ತಿದ್ದ. ಈಗ ಒಬ್ಬನಿಗೆ ಕೆಂಬೇರಿ ಮೀನು ಸಿಕ್ಕಿತೋ, ಹತ್ತು ನಿಮಿಷದಲ್ಲಿ ಅವನ ಎರಡೂ ಭುಜಕ್ಕೆ ಒಬ್ಬೊಬ್ಬ ಬಂದು ಅಂಟಿಕೊಳ್ತಾರೆ. ಜೂನ್ ಒಂದರಿಂದ ಜುಲೈ 31ರ ವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ ಅಲ್ವಾ, ಆಗಂತೂ ಊರೆಲ್ಲ ದಂಡೆಯ ಮೇಲೆಯೇ. ಕಲ್ಲಿಗೆ ಹಾವಸೆ ಹಿಡಿದಿರ್ತದೆ, ಅಲೆ ಮೇಲೆ ಬರ್ತದೆ. ಆ ಎರಡು ತಿಂಗಳು ಮಾಣಿಯನ್ನು ಕಳಿಸುದೇ ಬೇಡ. ಕಡಿದ ತಂಗೂಸಿಯನ್ನು ಅಲ್ಲೇ ಬಿಟ್ಟು ಹೋಗ್ತಾರೆ, ಕಾಗೆಯ ಕಾಲಿಗೆ, ನಾಯಿಯ ಕಾಲಿಗೆ ಸುತ್ತಿಕೊಳ್ತದೆ. ಕಿಸೆಗೆ ಹಾಕಿ ತಂದ್ರೆ ಕಿಸೆ ಹರೀತದಾ? ರೀಲಿನ ವಿಷಯ ಬಂತು ಅಂತ ಹೇಳ್ತೇನೆ, ನನ್ನ ಒಳ್ಳೆ ರೀಲನ್ನು "ಒಂದು ವಾರ" ಅಂತ ತಗೊಂಡು ಹೋದವರು ಈ ಗ್ರೂಪಿನಲ್ಲೇ ಇದ್ದಾರೆ. ಹೆಸರು ಹೇಳುದಿಲ್ಲ, ಅತ್ತಿಗೆಗೆ ಬೇಜಾರಾಗ್ತದೆ. ಕೊಡುದು ಯಾವಾಗಲಾದ್ರೂ ಕೊಡ್ಲಿ, ಆದ್ರೆ ಉಪ್ಪುನೀರಿಗೆ ಹೋದ ರೀಲನ್ನು ಆ ರಾತ್ರಿಯೇ ಡ್ರ್ಯಾಗ್, ಅಂದ್ರೆ ದಾರದ ಬಿಗಿ ಹೊಂದಿಸುವ ತಿರುಪು, ಬಿಗಿ ಮಾಡಿ, ಸಿಹಿನೀರು ಮೆಲ್ಲಗೆ ಚಿಮುಕಿಸಿ, ಒರೆಸಿ, ಡ್ರ್ಯಾಗ್ ಸಡಿಲ ಮಾಡಿ ಇಡ್ಬೇಕು ಅಂತ ಕೊಡುವಾಗಲೇ ಹೇಳಿದ್ದೆ. ಮಾಡಿದ್ದಾರಾ? ದೇವರಿಗೇ ಗೊತ್ತು.

ಅಯ್ಯೋ, ನೀನು ಕೇಳಿದ್ದಕ್ಕೆ ಉತ್ತರವೇ ಕೊಡ್ಲಿಲ್ಲ ನಾನು. ದಾರ ಸುತ್ತಿಕೊಳ್ಳುದು ಯಾಕೆ ಅಂತಲ್ವಾ? ಸೀಸ ಹಗುರ ಆಗಿ. ಅವ ಅಂಗಡಿಯಿಂದ ತಂದದ್ದು 30 ಗ್ರಾಂನ ಉರುಟು ಸೀಸ ಇರ್ಬೇಕು. ಪಂಚಗಂಗಾವಳಿಯ ಐದು ಹೊಳೆಯ ನೀರು ಆ ಒಂದೇ ಅಳಿವೆಯಲ್ಲಿ ಕಡಲಿಗೆ ಇಳಿಯುದು. ಇಳಿತದ ಸೆಳೆತಕ್ಕೆ ಉರುಟು ಸೀಸ ಅಡಿಯಲ್ಲಿ ಉರುಳಿಕೊಂಡು ಹೋಗ್ತದೆ, ಹುಣ್ಣಿಮೆ ಅಮಾವಾಸ್ಯೆಗೆ ಇನ್ನೂ ಜೋರು. ಪಕ್ಕದವರದ್ದು 80, 100 ಗ್ರಾಂ ಕೂತಲ್ಲೇ ಕೂತಿರ್ತದೆ, ಇವನದ್ದು ಹೋಗಿ ಹೋಗಿ ಅವರ ದಾರಕ್ಕೆ ಬೀಳ್ತದೆ. ದಪ್ಪ ತಂಗೂಸಿ ಆದ್ರೆ ನೀರು ಹಿಡಿದು ಎಳೆಯುದು ಇನ್ನೂ ಹೆಚ್ಚು.

ಹಾಗಾಗಿ ಹೋದ ಕೂಡ್ಲೇ ಎರಡೂ ಬದಿಯವರನ್ನು ಕೇಳ್ಲಿ, "ಎಷ್ಟು ಗ್ರಾಂ ಹಾಕಿದ್ದೀರಿ?" ಅಂತ. ಅಷ್ಟೇ ತೂಕ, ಬದಿ ಚಪ್ಪಟೆ ಇರುವ ಸೀಸ ಹಾಕ್ಲಿ. ಅವನ ರಾಡ್ ಅಷ್ಟು ಭಾರ ತಡೀತದಾ ಅಂತ ರಾಡಿನ ಮೇಲೆಯೇ ಗ್ರಾಂ ಬರ್ದಿರ್ತದೆ. ಎಸೆದು ಮೂವತ್ತು ಎಣಿಸಿ ದಾರ ಸರಿದಿದೆಯಾ ನೋಡ್ಲಿ. ಪಕ್ಕದವರ ಕಡೆ ಹೊರಟಿದ್ರೆ ಮುಟ್ಟುವ ಮೊದಲೇ ಸುತ್ತಿ ತೆಗೀಲಿ.

ಮೊದಮೊದಲು ಭರತ ಬರುವಾಗ ಹೋಗಿ, ಹೊಳೆಯ ಬದಿಯ ಕೊನೆಯಲ್ಲಿ ನಿಲ್ಲುದು ಒಳ್ಳೇದು. ಆಗ ನೀರು ಒಳಗೆ ಹೋಗುದು, ಇವನ ದಾರ ಜಾರಿದ್ರೂ ಆಚೆ ಯಾರೂ ಇರುದಿಲ್ಲ. ಕಡಲ ಬದಿಯ ಅಲೆಯಿಂದಲೂ ದೂರ. ಹೊತ್ತು ಮಾತ್ರ ನೋಡಿ ಹೋಗ್ಲಿ: ಭರತ ದಿನಕ್ಕೆ ಸುಮಾರು ಐವತ್ತು ನಿಮಿಷ ತಡ ಆಗ್ತದೆ, ವಾರಕ್ಕೆ ಆರು ಗಂಟೆ ಹತ್ತಿರ. ಹೋದ ಭಾನುವಾರ ಏಳು ಗಂಟೆಗೆ ಇಳಿತ ಆಗ್ತಿದ್ರೆ ಈ ಭಾನುವಾರ ಅದೇ ಹೊತ್ತಿಗೆ ಭರತ.

ಅಷ್ಟಾಗಿಯೂ ಸುತ್ತಿಕೊಂಡ್ರೆ ಇಬ್ಬರೂ ಜಗ್ಗಬಾರದು. ಒಬ್ಬ ಸಡಿಲ ಬಿಡ್ಬೇಕು, ಇನ್ನೊಬ್ಬ ಗಂಟು ಕೈಗೆ ಬರುವವರೆಗೆ ಮೆಲ್ಲಗೆ ಸುತ್ಬೇಕು. ಕತ್ತರಿಸ್ಲೇಬೇಕಾದ್ರೆ ಯಾರ ದಾರ ಜಾರಿ ಬಂತೋ ಅವನೇ ತನ್ನದನ್ನು ಕತ್ತರಿಸ್ಬೇಕು. ಹೋದ ಭಾನುವಾರ ಕೇಳದೆ ಮಾಣಿಯ ದಾರಕ್ಕೆ ಕತ್ತರಿ ಹಾಕಿದ್ದು ಆ ಪಕ್ಕದವನ ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಯಾರಿಗಾದ್ರೂ ದೊಡ್ಡ ಮೀನು ಹಿಡಿದ್ರೆ ಹತ್ತಿರದವರೆಲ್ಲ ತಮ್ಮ ದಾರ ತೆಗೆದು ದಾರಿ ಬಿಡ್ಬೇಕು, ಇವನೂ ಬಿಡ್ಲಿ.

ಈಗ ಅವನ ಹತ್ರ ಇರುವ ಸೀಸದ ಫೋಟೋ ತೆಗೆದು ನನಗೆ ಬೇರೆ ಕಳಿಸು, ಗ್ರೂಪಿಗೆ ಬೇಡ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಡು, ಅಳತೆ ಗೊತ್ತಾಗ್ಲಿ.