ಫೈರ್‌ವಾಲ್ ಹಾಕಿದ್ದೇನೆ, ಆದರೂ ಸರ್ವರ್‌ಗೆ ಯಾರೋ ನುಗ್ಗಿದ್ದಾರೆ. ಎಲ್ಲಿಂದ ಬಂದರು?

ಲೆಕ್ಕದ ಮೇಷ್ಟ್ರು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಕಂಪ್ಯೂಟರ್ ಓದಿದವನಲ್ಲ. ಶಿರಸಿ ಕಡೆ ಪಿಯು ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಮೂರು ವರ್ಷದ ಹಿಂದೆ ನಾವು ನಾಲ್ಕು ಜನ ಸೇರಿ ಸುತ್ತಮುತ್ತಲಿನ ರಕ್ತದಾನಿಗಳಿಗಾಗಿ ಒಂದು ವೆಬ್‌ಸೈಟ್ ಮಾಡಿದೆವು. ಹೆಸರು, ಊರು, ರಕ್ತದ ಗುಂಪು, ಫೋನ್ ನಂಬರ್, ಇಷ್ಟೇ. ಈಗ ಅದರಲ್ಲಿ ಸಾವಿರಕ್ಕೂ ಜಾಸ್ತಿ ಜನ ಇದ್ದಾರೆ.

ತಿಂಗಳಿಗೆ ಐನೂರು ರೂಪಾಯಿ ಬಾಡಿಗೆಯ ಸಣ್ಣ ಸರ್ವರ್. ಆಪರೇಟಿಂಗ್ ಸಿಸ್ಟಮ್ ಉಬುಂಟು 22.04 (ಲಿನಕ್ಸ್), ವೆಬ್ ಸರ್ವರ್ ಎಂಜಿನ್‌ಎಕ್ಸ್, ಕೋಡ್ ಪಿಎಚ್‌ಪಿ, ಡೇಟಾಬೇಸ್ ಮೈಎಸ್‌ಕ್ಯೂಎಲ್. ಕಳೆದ ತಿಂಗಳು ನನ್ನ ಹಳೆ ವಿದ್ಯಾರ್ಥಿಯೊಬ್ಬ ರಜೆಗೆ ಬಂದಿದ್ದ. "ಸೈಟ್ ತುಂಬ ನಿಧಾನ ಸರ್" ಎಂದು ಡಾಕರ್ (ಪ್ರೋಗ್ರಾಂಗಳನ್ನು 'ಕಂಟೈನರ್' ಎಂಬ ಪ್ರತ್ಯೇಕ ಡಬ್ಬಿಯಲ್ಲಿಟ್ಟು ಓಡಿಸುವ ಸಾಫ್ಟ್‌ವೇರ್) ಹಾಕಿ, ಅದರಲ್ಲಿ ರೆಡಿಸ್ (ಮಾಹಿತಿ ಬೇಗ ಸಿಗಲೆಂದು ಮೆಮೊರಿಯಲ್ಲೇ ಇಡುವ ಡೇಟಾಬೇಸ್) ಕೂರಿಸಿ ಹೋದ. ಸೈಟ್ ಏನೋ ಚುರುಕಾಯಿತು.

ಮೊನ್ನೆ ಭಾನುವಾರ ಬೆಳಿಗ್ಗೆ ಒಬ್ಬರಿಗೆ ಓ ನೆಗೆಟಿವ್ ಬೇಕಿತ್ತು. ಸೈಟ್ ತೆರೆಯುತ್ತಲೇ ಇಲ್ಲ ಎಂದು ಫೋನ್ ಮಾಡಿದರು. ಒಳಗೆ ಹೋಗಿ ನೋಡಿದರೆ 'ಕೆಡೆವ್‌ಟಿಎಂಪಿಎಫ್‌ಎಸ್‌ಐ' ಎಂಬ ಪ್ರೋಸೆಸ್ ಒಂದೇ ಇಡೀ ಸಿಪಿಯು ತಿನ್ನುತ್ತಿತ್ತು. ಕಿಲ್ ಮಾಡಿದೆ. ಒಂದು ನಿಮಿಷದಲ್ಲಿ ಮತ್ತೆ ಹಾಜರ್. ಯೂಸರ್ ಹೆಸರಿರಬೇಕಾದ ಜಾಗದಲ್ಲಿ ಹೆಸರಿಲ್ಲ, 999 ಎಂದು ಬರೀ ಸಂಖ್ಯೆ.

ನಾನೇನು ಕೈಕಟ್ಟಿ ಕೂತವನಲ್ಲ. ಯುಎಫ್‌ಡಬ್ಲ್ಯೂ ಎಂಬ ಫೈರ್‌ವಾಲ್ ಹಾಕಿ 22, 80, 443 ಬಿಟ್ಟು ಎಲ್ಲ ಪೋರ್ಟ್, ಅಂದರೆ ಒಳಬರುವ ಬಾಗಿಲು, ಮುಚ್ಚಿದ್ದೇನೆ. ದೂರದಿಂದ ಸರ್ವರ್‌ಗೆ ಲಾಗಿನ್ ಆಗುವ ಎಸ್‌ಎಸ್‌ಎಚ್‌ಗೆ (22ನೇ ಪೋರ್ಟ್) ಕೀ ಮಾಡಿಕೊಂಡು ಪಾಸ್‌ವರ್ಡ್ ಲಾಗಿನ್ ನಿಲ್ಲಿಸಿದ್ದೇನೆ. ಪದೇಪದೇ ತಪ್ಪು ಲಾಗಿನ್ ಮಾಡುವವರನ್ನು ತಡೆಯುವ ಫೇಲ್‌ಟುಬ್ಯಾನ್ ಇದೆ. ಎಚ್‌ಟಿಟಿಪಿಎಸ್‌ಗೆ ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟ್ ಇದೆ. ಎಂಜಿನ್‌ಎಕ್ಸ್ ಯಾವ ವರ್ಷನ್ ಅಂತಲೂ ಹೊರಗೆ ತೋರಿಸುವುದಿಲ್ಲ.

ಎಲ್ಲಿಂದ ಬಂದರು? ದಾನಿಗಳ ಪಟ್ಟಿ ಹೋಗಿದೆಯಾ? ಮತ್ತೆ ಕಟ್ಟುವಾಗ ಯಾವುದನ್ನು ಮೊದಲು ಮಾಡಬೇಕು? ನಲವತ್ತು ಅಂಶಗಳ ಪಟ್ಟಿ ಮಾತ್ರ ದಯವಿಟ್ಟು ಕೊಡಬೇಡಿ. ಅದು ಆಗಲೇ ನನ್ನ ಹತ್ತಿರ ಇದೆ.

---

ರಾತ್ರಿಪಾಳಿ ಉತ್ತರ:

ಮೇಷ್ಟ್ರೇ, 999 ಅಂತ ಬರೆದಿದ್ದೀರಲ್ಲ, ಉತ್ತರ ಅಲ್ಲೇ ಇದೆ. ಅದು ಡಾಕರ್ ಕಂಟೈನರ್ ಒಳಗೆ ರೆಡಿಸ್ ಓಡುವ ಯೂಸರ್‌ನ ಸಂಖ್ಯೆ. ನಿಮ್ಮ ಸರ್ವರ್‌ನಲ್ಲಿ ಆ ಸಂಖ್ಯೆಗೆ ಹೆಸರಿಲ್ಲ, ಅದಕ್ಕೇ ಬರೀ ಅಂಕಿ. ಅಂದರೆ ಬಂದವನು ರೆಡಿಸ್ ಮೂಲಕ ಬಂದಿದ್ದಾನೆ.

ಆ ಪ್ರೋಸೆಸ್ ಹೆಸರೂ ಒಂದು ವೇಷ. ಲಿನಕ್ಸ್‌ನಲ್ಲಿ 'ಕೆಡೆವ್‌ಟಿಎಂಪಿಎಫ್‌ಎಸ್' ಅಂತ ಕರ್ನಲ್‌ನದೇ (ಸಿಸ್ಟಮ್‌ನ ತಿರುಳು) ಒಂದು ಥ್ರೆಡ್ ಇದೆ. ಇವರು ಕೊನೆಗೆ ಒಂದು 'ಐ' ಅಂಟಿಸಿದ್ದಾರೆ, ಅಷ್ಟೇ. ಮೊನೆರೊ ಎಂಬ ಕ್ರಿಪ್ಟೊ ನಾಣ್ಯ ಗಣಿ ಮಾಡುವ ಕೆಲಸ ಅದರದು. ಜೊತೆಗೆ 'ಕಿನ್ಸಿಂಗ್' ಅಂತ ಇನ್ನೊಂದು ಓಡುತ್ತಿರುತ್ತದೆ, ಹುಡುಕಿ ನೋಡಿ. ನೀವು ಒಂದನ್ನು ಕೊಂದರೆ ಅದು ಮತ್ತೆ ಎಬ್ಬಿಸುತ್ತದೆ.

ಹಾಗಾದರೆ ಯುಎಫ್‌ಡಬ್ಲ್ಯೂ ಏನು ಮಾಡುತ್ತಿತ್ತು? ಪಾಪ, ತನ್ನ ಕೆಲಸ ತಾನು ಮಾಡುತ್ತಿತ್ತು. ಅದು ಕಾಯುವುದು ಸರ್ವರ್‌ಗೇ ಬರುವ ಟ್ರಾಫಿಕ್ಕನ್ನು. ಡಾಕರ್‌ನಲ್ಲಿ ಒಂದು ಪೋರ್ಟ್ ಪಬ್ಲಿಶ್ ಮಾಡಿದರೆ, ಅಂದರೆ ಹೊರಗೆ ತೆರೆದರೆ, ಡಾಕರ್ ಐಪಿಟೇಬಲ್ಸ್‌ನಲ್ಲಿ (ಲಿನಕ್ಸ್‌ನ ಪ್ಯಾಕೆಟ್ ನಿಯಮಗಳ ಪಟ್ಟಿ) ತನ್ನದೇ ನಿಯಮ ಬರೆದುಕೊಳ್ಳುತ್ತದೆ. ಆ ಪೋರ್ಟ್‌ಗೆ ಬಂದ ಪ್ಯಾಕೆಟ್ ಅಲ್ಲಿಂದಲೇ ತಿರುಗಿ ಕಂಟೈನರ್ ಕಡೆ ಹೋಗುತ್ತದೆ. ಯುಎಫ್‌ಡಬ್ಲ್ಯೂ ಕೂತ ದಾರಿಗೆ ಅದು ಬರುವುದೇ ಇಲ್ಲ. ನೀವು ಹೆಬ್ಬಾಗಿಲಿಗೆ ಕಾವಲು ಕೂರಿಸಿದ್ದೀರಿ, ನಿಮ್ಮ ಹುಡುಗ ಹಿತ್ತಿಲ ಬಾಗಿಲು ತೆಗೆದಿಟ್ಟು ಊರಿಗೆ ಹೋಗಿದ್ದಾನೆ. ಯುಎಫ್‌ಡಬ್ಲ್ಯೂ ಸ್ಟೇಟಸ್ ಕೇಳಿದರೆ ಈಗಲೂ 'ಮೂರೇ ಪೋರ್ಟ್' ಅಂತಲೇ ಹೇಳುತ್ತದೆ.

ಕಂಪೋಸ್ ಫೈಲ್‌ನಲ್ಲಿ (ಕಂಟೈನರ್ ಹೇಗೆ ಓಡಬೇಕು ಅಂತ ಡಾಕರ್‌ಗೆ ಹೇಳುವ ಫೈಲ್) ಪೋರ್ಟ್ಸ್ ಎಂಬ ಕಡೆ 6379:6379 ಅಂತ ಇದೆಯಾ ನೋಡಿ. ಅದು 127.0.0.1:6379:6379 ಅಂತ ಇರಬೇಕಿತ್ತು. 6379 ರೆಡಿಸ್‌ನ ಪೋರ್ಟ್, 127.0.0.1 ಅಂದರೆ ಈ ಸರ್ವರ್‌ನ ಒಳಗಿನವರಿಗೆ ಮಾತ್ರ. ಮುಂದಿನ ಆ ಒಂದು ವಿಳಾಸ ಇಲ್ಲದಿದ್ದರೆ ಇಡೀ ಲೋಕಕ್ಕೆ ತೆರೆದ ಹಾಗೆ.

ಇನ್ನೊಂದು ಕಥೆ ಇದೆ. ಪಾಸ್‌ವರ್ಡ್ ಇಲ್ಲದ ರೆಡಿಸ್ ಹೊರಗಿನವರಿಗೆ ಉತ್ತರ ಕೊಡಬಾರದು ಅಂತ 2016ರಲ್ಲಿ, 3.2 ಆವೃತ್ತಿಯಲ್ಲೇ 'ಪ್ರೊಟೆಕ್ಟೆಡ್ ಮೋಡ್' ತಂದರು. ಆದರೆ ಡಾಕರ್‌ನ ಅಧಿಕೃತ ರೆಡಿಸ್ ಇಮೇಜ್‌ನಲ್ಲಿ (ಕಂಟೈನರ್ ತಯಾರಾಗುವ ಅಚ್ಚು) ಅದನ್ನು ಆಫ್ ಮಾಡಿಯೇ ಕೊಡುತ್ತಾರೆ. ಎರಡು ಬೀಗವೂ ಒಟ್ಟಿಗೇ ಕೈಕೊಟ್ಟವು.

ನನಗೆ ಮೂರು ವಿಷಯ ಹೇಳಿ. ರೆಡಿಸ್ ಯಾವ ಆವೃತ್ತಿ? ಆ ಕಂಟೈನರ್‌ಗೆ ಡಾಕರ್ ಸಾಕೆಟ್ (ಡಾಕರ್‌ಗೆ ಆಜ್ಞೆ ಕೊಡುವ ದಾರಿ) ಅಥವಾ ಸರ್ವರ್‌ನ ಯಾವುದಾದರೂ ಫೋಲ್ಡರ್ ಮೌಂಟ್ ಆಗಿದೆಯಾ, ಅಂದರೆ ಕಂಟೈನರ್ ಒಳಗಿನಿಂದ ಕೈಗೆ ಸಿಗುತ್ತದಾ? ನಿಮ್ಮ ಸೈಟ್ ರೆಡಿಸ್‌ನಲ್ಲಿ ಏನೇನು ಇಡುತ್ತಿತ್ತು?

---

ಬೆಣ್ಣೆದೋಸೆ ಉತ್ತರ:

ಎಸ್‌ಎಸ್‌ಎಚ್ ಪೋರ್ಟ್ 22ರಿಂದ ಬೇರೆಗೆ ಬದಲಿಸಿ ಸರ್. ಹೊರದೇಶದ ಐಪಿ ಎಲ್ಲ ಬ್ಲಾಕ್ ಮಾಡಿ. ನಾನು ಐದು ವರ್ಷದಿಂದ ಹಾಗೇ ಮಾಡಿದ್ದೇನೆ, ಏನೂ ಆಗಿಲ್ಲ.

---

ಸರ್ವರ್ ಸಾಕಮ್ಮ ಉತ್ತರ:

ಬೆಣ್ಣೆದೋಸೆ ಅವರೇ, ಪೋರ್ಟ್ ಬದಲಿಸಿದರೆ ಲಾಗ್‌ನಲ್ಲಿ ಗಲಾಟೆ ಕಮ್ಮಿ ಆಗುತ್ತದೆ, ಅದು ನಿಜ. ಇಲ್ಲಿ ಬಂದವನು 22ರ ಕಡೆ ತಿರುಗಿಯೂ ನೋಡಿಲ್ಲ. ಬಾಡಿಗೆ ಸರ್ವರ್‌ಗಳು ನಮ್ಮ ದೇಶದಲ್ಲೂ ಸಿಗುತ್ತವೆ, ಕಳ್ಳರೂ ಅವನ್ನೇ ಬಳಸುತ್ತಾರೆ.

ಮೇಷ್ಟ್ರೇ, ನಂದೊಂದು ಅನುಮಾನ. ಪಾಸ್‌ವರ್ಡ್ ಲಾಗಿನ್ ನಿಲ್ಲಿಸಿದ್ದೇನೆ ಅಂದಿರಿ. ನಿಜವಾಗಿ ನಿಂತಿದೆಯಾ? ಉಬುಂಟು 22.04ನಲ್ಲಿ ಎಸ್‌ಎಸ್‌ಎಚ್‌ಡಿ (ಎಸ್‌ಎಸ್‌ಎಚ್‌ನ ಸರ್ವರ್ ಪ್ರೋಗ್ರಾಂ) ಕಾನ್ಫಿಗ್ ಫೈಲ್‌ನ ಮೇಲ್ಗಡೆಯೇ ಒಂದು ಇನ್‌ಕ್ಲೂಡ್ ಸಾಲು ಇರುತ್ತದೆ. ಅದು ಪಕ್ಕದ ಫೋಲ್ಡರ್‌ನಲ್ಲಿರುವ ಫೈಲ್‌ಗಳನ್ನು ಮೊದಲು ಓದುತ್ತದೆ. ಬಾಡಿಗೆ ಸರ್ವರ್‌ಗಳಲ್ಲಿ ಎಷ್ಟೋ ಸಲ ಅಲ್ಲಿ '50-ಕ್ಲೌಡ್-ಇನಿಟ್' ಅಂತ ಒಂದು ಫೈಲ್ ಕೂತಿರುತ್ತದೆ, ಒಳಗೆ 'ಪಾಸ್‌ವರ್ಡ್ ಅಥೆಂಟಿಕೇಶನ್ ಯೆಸ್' ಅಂತ. ಎಸ್‌ಎಸ್‌ಎಚ್‌ನಲ್ಲಿ ಮೊದಲು ಸಿಕ್ಕಿದ್ದೇ ಮಾತು. ನೀವು ಕೆಳಗೆ ಎಷ್ಟು ಸಲ 'ನೋ' ಬರೆದರೂ ಅದು ಕೇಳುವುದಿಲ್ಲ.

ನಾನೂ ಇದಕ್ಕೆ ಬಿದ್ದವಳೇ. ಎಂಟು ತಿಂಗಳು ನನ್ನ ಸರ್ವರ್ ಭದ್ರ ಅಂದುಕೊಂಡು ಆರಾಮಾಗಿ ನಿದ್ದೆ ಮಾಡಿದ್ದೆ. ಎಸ್‌ಎಸ್‌ಎಚ್‌ಡಿಗೆ 'ಹೈಫನ್ ದೊಡ್ಡ ಟಿ' ಕೊಟ್ಟು ಓಡಿಸಿ. ಫೈಲ್‌ನಲ್ಲಿ ಏನು ಬರೆದಿದೆ ಅಂತಲ್ಲ, ಅದು ಏನು ಅರ್ಥ ಮಾಡಿಕೊಂಡಿದೆ ಅಂತ ಹೇಳುತ್ತದೆ.

---

ಲೆಕ್ಕದ ಮೇಷ್ಟ್ರು:

ಸಾಕಮ್ಮ ಅವರೇ, ನೀವು ಹೇಳಿದ್ದೇ ಸರಿ. 'ಪಾಸ್‌ವರ್ಡ್ ಅಥೆಂಟಿಕೇಶನ್ ಯೆಸ್'. ಎರಡು ವರ್ಷದಿಂದ ಹಾಗೇ ಇದೆ. ಮಕ್ಕಳಿಗೆ 'ಉತ್ತರ ಬಂದ ಮೇಲೆ ತಾಳೆ ನೋಡಿ' ಅಂತ ದಿನಾ ಹೇಳುವವನು ನಾನು.

ರಾತ್ರಿಪಾಳಿ ಅವರೇ, ರೆಡಿಸ್ 5. ಸಾಕೆಟ್ ಇಲ್ಲ, ಮೌಂಟ್ ಇಲ್ಲ. ಕಂಪೋಸ್‌ನಲ್ಲಿ 6379:6379 ಅಂತಲೇ ಇದೆ. ಕಿನ್ಸಿಂಗ್ ಕೂಡ ಸಿಕ್ಕಿತು. ಕೊನೆ ಪ್ರಶ್ನೆಗೆ ಉತ್ತರ ಬರೆಯಲು ಸಂಕಟ ಆಗುತ್ತಿದೆ. ದಾನಿಗಳ ಹುಡುಕಾಟದ ಫಲಿತಾಂಶ ರೆಡಿಸ್‌ನಲ್ಲೇ ಇರುತ್ತಿತ್ತು, ಫೋನ್ ನಂಬರ್ ಸಮೇತ.

---

ರಾತ್ರಿಪಾಳಿ:

5 ಅಂದರೆ ದಾರಿ ಗೊತ್ತಾಯಿತು. ನಿಮ್ಮ ರೆಡಿಸ್‌ಗೆ 'ನೀನು ನನ್ನ ಸರ್ವರ್‌ನ ನಕಲು' ಅಂತ ನಂಬಿಸಿ, ತಮ್ಮ ಮಾಡ್ಯೂಲ್ (ರೆಡಿಸ್‌ಗೆ ಸೇರಿಸುವ ಹೆಚ್ಚುವರಿ ಕೋಡ್) ಒಂದನ್ನು ಇಳಿಸಿ, ಅದರಿಂದ ಬೇಕಾದ ಆಜ್ಞೆ ಓಡಿಸುವ ಹಳೆ ತಂತ್ರ ಇದೆ. 2022ರಲ್ಲಿ ಬಂದ 7ರಿಂದ ಹಾಗೆ ಮಾಡ್ಯೂಲ್ ಇಳಿಸುವುದು ತಾನಾಗಿಯೇ ಬಂದ್.

ಒಳ್ಳೆಯ ಸುದ್ದಿ: ಮೌಂಟ್ ಇಲ್ಲ ಅಂದಮೇಲೆ ಕಂಟೈನರ್‌ನಿಂದ ಹೊರಬರುವುದು ಸುಲಭವಲ್ಲ. ಕೆಟ್ಟ ಸುದ್ದಿ: ರೆಡಿಸ್‌ನಲ್ಲಿದ್ದ ನಂಬರ್‌ಗಳೆಲ್ಲ ಹೋಗಿವೆ ಅಂತಲೇ ತಿಳಿಯಿರಿ. ಗಣಿ ಮಾಡುವವನಿಗೆ ಅವು ಬೇಡದಿರಬಹುದು. ಆದರೆ ಬಾಗಿಲು ಒಂದು ತಿಂಗಳು ತೆರೆದಿತ್ತು, ಯಾರ್ಯಾರು ಬಂದು ಹೋದರೋ.

ಈ ಸರ್ವರ್ ತೊಳೆಯಲು ಹೋಗಬೇಡಿ. ಪಾಸ್‌ವರ್ಡ್ ಲಾಗಿನ್ ಬೇರೆ ತೆರೆದಿತ್ತು, ಇನ್ನು ಅದನ್ನು ನಂಬುವ ಹಾಗಿಲ್ಲ. ಲಾಗ್‌ಗಳನ್ನು ಬೇರೆ ಕಡೆ ಎತ್ತಿಟ್ಟುಕೊಳ್ಳಿ. ಡೇಟಾಬೇಸ್ ಮಾತ್ರ ತೆಗೆದುಕೊಂಡು ಹೊಸ ಸರ್ವರ್‌ಗೆ ಹೋಗಿ. ಕೋಡ್ ನಿಮ್ಮ ಮನೆಯ ಪ್ರತಿಯಿಂದ ಹಾಕಿ, ಇಲ್ಲಿಂದ ಎತ್ತಬೇಡಿ. ಪಾಸ್‌ವರ್ಡ್, ಕೀ ಎಲ್ಲ ಹೊಸದು.

ಯಾವುದು ಮೊದಲು ಅಂತ ಕೇಳಿದ್ದಿರಿ. ನನ್ನ ಪ್ರಕಾರ ಮೊದಲನೆಯದು ಹೊರಗಿನಿಂದ ನೋಡುವುದು. ಮನೆಯ ಲ್ಯಾಪ್‌ಟಾಪ್‌ನಿಂದ ನಿಮ್ಮ ಸರ್ವರ್ ಮೇಲೆ ಎನ್‌ಮ್ಯಾಪ್ (ಯಾವ ಪೋರ್ಟ್ ತೆರೆದಿದೆ ಅಂತ ಹುಡುಕುವ ಸಾಧನ) ಓಡಿಸಿ. ಸುಮ್ನೆ ಓಡಿಸಿದರೆ ಸಾವಿರ ಪೋರ್ಟ್ ಮಾತ್ರ ನೋಡುತ್ತದೆ, ಎಲ್ಲ 65,535 ನೋಡು ಅಂತ ಹೇಳಬೇಕು. ಏನೇ ಬದಲಾವಣೆ ಮಾಡಿದರೂ, ಯಾವ ಶಿಷ್ಯ ಬಂದು ಹೋದರೂ ಇದನ್ನೊಮ್ಮೆ ಮಾಡಿ. ನಿಮ್ಮ ಸರ್ವರ್ ಮೇಲೆ ಮಾತ್ರ, ಪಕ್ಕದವರದರ ಮೇಲೆ ಬೇಡ!

ಆಮೇಲೆ ಅಪ್‌ಡೇಟ್. ಉಬುಂಟುವಿನ ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್ ತಾನಾಗಿ ಪ್ಯಾಚ್ (ದೋಷ ಮುಚ್ಚುವ ತಿದ್ದುಪಡಿ) ಹಾಕುತ್ತದೆ, ಇರಲಿ. ಆದರೆ ಡಾಕರ್ ಇಮೇಜ್‌ಗಳನ್ನು ಅದು ಮುಟ್ಟುವುದಿಲ್ಲ, ಅವನ್ನು ನೀವೇ ಎಳೆದುಕೊಳ್ಳಬೇಕು. 2017ರಲ್ಲಿ ಅಮೆರಿಕದ ಸಾಲ-ಮಾಹಿತಿ ಕಂಪನಿ ಈಕ್ವಿಫ್ಯಾಕ್ಸ್‌ನಲ್ಲಿ ಸುಮಾರು 14.7 ಕೋಟಿ ಜನರ ವಿವರ ಹೋಯಿತಲ್ಲ, ಅವರು ಬಳಸುತ್ತಿದ್ದ ಅಪಾಚೆ ಸ್ಟ್ರಟ್ಸ್ ಎಂಬ ವೆಬ್ ಸಾಫ್ಟ್‌ವೇರ್‌ಗೆ ಪ್ಯಾಚ್ ಮಾರ್ಚ್‌ನಲ್ಲೇ ಬಂದಿತ್ತು. ಕಳ್ಳರು ಮೇ ತಿಂಗಳಲ್ಲಿ ಒಳಗೆ ಹೋದರು. ಅಷ್ಟು ದೊಡ್ಡ ಕಂಪನಿಯೇ ಒಂದು ಸರ್ವರ್ ಮರೆತಿತ್ತು.

ಮೂರನೆಯದು ಫೈಲ್ ಅನುಮತಿ. ಯಾವುದೋ ಎರರ್ ಬಂತೆಂದು 777 (ಯಾರು ಬೇಕಾದರೂ ಓದಿ, ಬರೆದು, ಓಡಿಸಬಹುದಾದ ಅನುಮತಿ) ಕೊಟ್ಟಿದ್ದರೆ ಈಗಲೇ ತೆಗೆಯಿರಿ. ಕೋಡ್ ಫೈಲ್‌ಗಳು ಬೇರೆ ಯೂಸರ್ ಹೆಸರಲ್ಲಿರಲಿ, ವೆಬ್ ಸರ್ವರ್‌ಗೆ ಓದಲು ಮಾತ್ರ ಬಿಡಿ. ಫೋಟೊ ಅಪ್‌ಲೋಡ್ ಆಗುವ ಫೋಲ್ಡರ್‌ನಲ್ಲಿ ಪಿಎಚ್‌ಪಿ ಓಡಬಾರದು. ಡೇಟಾಬೇಸ್ ಪಾಸ್‌ವರ್ಡ್ ಇರುವ 'ಡಾಟ್ ಎನ್ವ್' ಫೈಲ್ ಬ್ರೌಸರ್‌ನಲ್ಲಿ ತೆರೆಯುತ್ತದಾ ನೋಡಿ. ನಗಬೇಡಿ, ಎಷ್ಟೋ ಕಡೆ ತೆರೆಯುತ್ತದೆ. ಮೈಎಸ್‌ಕ್ಯೂಎಲ್ 127.0.0.1ರಲ್ಲೇ ಕೂತಿರಲಿ. ವರ್ಷನ್ ಮುಚ್ಚಿಡುವುದು ಇವೆಲ್ಲ ಆದ ಮೇಲೆ, ಟೈಮ್ ಇದ್ದರೆ.

ಬ್ಯಾಕಪ್ಪನ್ನು ಮನೆಯಿಂದ ಎಳೆದುಕೊಳ್ಳಿ, ಸರ್ವರ್‌ನಿಂದ ತಳ್ಳಬೇಡಿ. ತಳ್ಳುವ ಕೀ ಸರ್ವರ್‌ನಲ್ಲಿದ್ದರೆ ಕಳ್ಳನಿಗೆ ಬ್ಯಾಕಪ್ ಕೂಡ ಸಿಕ್ಕ ಹಾಗೇ.

---

ಸರ್ವರ್ ಸಾಕಮ್ಮ:

ಇನ್ನೊಂದು ಮಾತು. ಫೋನ್ ನಂಬರ್ ಯಾಕೆ ಪುಟದಲ್ಲೇ ತೋರಿಸಬೇಕು? ಊರು ಮತ್ತು ಗುಂಪು ತೋರಿಸಿ, ಕೇಳಿದವರ ನಂಬರ್ ತೆಗೆದುಕೊಂಡು ನೀವು ನಾಲ್ವರಲ್ಲಿ ಒಬ್ಬರು ದಾನಿಗೆ ಫೋನ್ ಮಾಡಬಹುದಲ್ವಾ? ಆಗ ರೆಡಿಸ್ ಸೋರಿದರೂ ಹೋಗುವುದು ಊರು ಮತ್ತು ಗುಂಪು ಮಾತ್ರ.

ನಮ್ಮ ದೇಶದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ಒಂದು ಮೇಲ್ ಹಾಕಿ. 2022ರ ಏಪ್ರಿಲ್ 28ರ ಅವರ ಆದೇಶದಲ್ಲಿ ಕಂಪನಿ, ಡೇಟಾ ಸೆಂಟರ್, ಸರ್ಕಾರಿ ಸಂಸ್ಥೆಗಳಿಗೆಲ್ಲ ಇಂಥದ್ದು ಗೊತ್ತಾದ 6 ಗಂಟೆಯೊಳಗೆ ತಿಳಿಸಬೇಕು, 180 ದಿನದ ಲಾಗ್ ಇಟ್ಟಿರಬೇಕು ಅಂತ ಇದೆ. ಯಾರು ಬೇಕಾದರೂ ದೂರು ಕಳಿಸಬಹುದು, ಬೈಯುವುದಿಲ್ಲ.

---

ಲೆಕ್ಕದ ಮೇಷ್ಟ್ರು:

ನಿನ್ನೆ ರಾತ್ರಿ ಹೊಸ ಸರ್ವರ್ ಎದ್ದಿತು. ರೆಡಿಸ್ ತೆಗೆದೇಬಿಟ್ಟೆ. ಸೈಟ್ ನಿಧಾನವಾಗಿದ್ದದ್ದು ಡೇಟಾಬೇಸ್‌ನಲ್ಲಿ ಊರಿನ ಕಾಲಂಗೆ ಇಂಡೆಕ್ಸ್ (ಬೇಗ ಹುಡುಕಲು ಬೇಕಾದ ಸೂಚಿ) ಇಲ್ಲದ್ದಕ್ಕೆ ಎಂದು ಈಗ ಗೊತ್ತಾಯಿತು! ಮನೆಯಿಂದ ಎನ್‌ಮ್ಯಾಪ್ ಓಡಿಸಿದೆ: 22, 80, 443. ಎಸ್‌ಎಸ್‌ಎಚ್‌ಡಿ ದೊಡ್ಡ ಟಿ: 'ನೋ'. ಶಿಷ್ಯನಿಗೆ ಫೋನ್ ಮಾಡಿದ್ದೆ, ಅಳುವುದೊಂದು ಬಾಕಿ. ಕಂಪೋಸ್ ಫೈಲ್ ನಾನೂ ನೋಡಿದ್ದೆ, ಆ ಸಾಲು ಓದಿಯೂ ಇದ್ದೆ, ಬಿಡು ಎಂದೆ.

ನಂಬರ್‌ಗಳನ್ನು ಪುಟದಿಂದ ತೆಗೆದೆವು. ಸರ್ಟ್-ಇನ್‌ಗೆ ಮೇಲ್ ಹೋಯಿತು. ಈಗ ದಾನಿಗಳಿಗೆ ಮೆಸೇಜ್ ಬರೆಯಲು ಕೂತಿದ್ದೇನೆ, ಒಂದು ಗಂಟೆಯಾದರೂ ಮೊದಲ ಸಾಲು ಬರುತ್ತಿಲ್ಲ.

---

ರಾತ್ರಿಪಾಳಿ:

ತಾಂತ್ರಿಕ ಪದ ಒಂದೂ ಬೇಡ ಮೇಷ್ಟ್ರೇ. ಹೀಗೆ ಕಳಿಸಿ:

"ನಮಸ್ಕಾರ. ರಕ್ತದಾನಿಗಳ ಸೈಟ್‌ನಿಂದ. ನಮ್ಮ ತಪ್ಪಿನಿಂದ ನಿಮ್ಮ ಹೆಸರು, ಊರು, ರಕ್ತದ ಗುಂಪು, ಫೋನ್ ನಂಬರ್ ಹೊರಗಿನವರಿಗೆ ಸಿಕ್ಕಿರಬಹುದು. ಕ್ಷಮಿಸಿ. ರಕ್ತ ಬೇಕು ಎಂದು ಫೋನ್ ಮಾಡಿ ಯಾರಾದರೂ ದುಡ್ಡು ಅಥವಾ ಒಟಿಪಿ ಕೇಳಿದರೆ ಕೊಡಬೇಡಿ. ನಾವು ಯಾವತ್ತೂ ಕೇಳುವುದಿಲ್ಲ. ಪಟ್ಟಿಯಿಂದ ನಿಮ್ಮ ಹೆಸರು ತೆಗೆಯಬೇಕಿದ್ದರೆ ಈ ನಂಬರ್‌ಗೆ ಒಂದು ಮಿಸ್ಡ್ ಕಾಲ್ ಕೊಡಿ."

ಕೆಳಗೆ ನಿಮ್ಮ ನಾಲ್ವರ ಹೆಸರೂ ಹಾಕಿ.