ಥ್ಯಾಂಕ್ಸ್‌ಗಿವಿಂಗ್ ಟರ್ಕಿ: ಓವನ್ನೋ, ಎಣ್ಣೆಯೋ, ಇದ್ದಿಲೋ? ಮಾಡಿ ನೋಡಿದವರು ಹೇಳಿ

ಎಡಿಸನ್ ಹೊಸಬಳು:
ಈ ಗುರುವಾರ ಇಲ್ಲಿ ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ಹಬ್ಬ, ಊಟ ನಮ್ಮ ಮನೆಯಲ್ಲಿ. ದೊಡ್ಡವರು ಹತ್ತು ಜನ, ಮಕ್ಕಳು ನಾಲ್ವರು. ಊರಿನಿಂದ ಅತ್ತೆ ಮಾವ ಬಂದಿದ್ದಾರೆ. 14 ಪೌಂಡಿನ ಫ್ರೋಜನ್ ಟರ್ಕಿ ಕೋಳಿ ತಂದಿಟ್ಟಿದ್ದೇನೆ. ಇರುವುದು ಟೌನ್‌ಹೌಸ್, ಅಂದರೆ ಗೋಡೆಗೆ ಗೋಡೆ ತಾಗಿದ ಸಾಲುಮನೆ. ಓವನ್ ಒಂದೇ. ಅದರಲ್ಲೇ ಮಾಡಲಾ, ಎಲೆಕ್ಟ್ರಿಕ್ ರೋಸ್ಟರ್ (ಮುಚ್ಚಳವಿರುವ ಕರೆಂಟ್ ಪಾತ್ರೆ) ಕೊಳ್ಳಲಾ, ಎಣ್ಣೆಯಲ್ಲಿ ಕರಿಯುವ ಸೆಟ್ ತರಲಾ? 150 ಡಾಲರ್ ಒಳಗೆ ಮುಗಿಯಬೇಕು.

ಆಸ್ಟಿನ್ ಕುಂದಾಪ್ರ:
ಎಣ್ಣೆ. ಬೇರೆ ಮಾತೇ ಬೇಡ. 30 ಕ್ವಾರ್ಟಿನ (ಸುಮಾರು 28 ಲೀಟರ್) ಪಾತ್ರೆ, ಬರ್ನರ್, ಕೊಕ್ಕೆ ಸೇರಿ 90 ಡಾಲರ್ ಕೊಟ್ಟೆ. ನಿಜವಾದ ಖರ್ಚು ಆಮೇಲೆ ಶುರುವಾಯಿತು. ಮೂರು ಗ್ಯಾಲನ್ ಕಡಲೆಕಾಯಿ ಎಣ್ಣೆಗೆ 52. ಅದು ಸಾಲಲಿಲ್ಲ, ಇನ್ನೊಂದು ಗ್ಯಾಲನ್‌ಗೆ 21. ಪ್ರೋಪೇನ್ ಸಿಲಿಂಡರ್ ಬದಲಿಸಲು 23. ಮೊಣಕೈವರೆಗಿನ ಕೈಗವಸು 18. ಸೆಟ್ ಜೊತೆ ಬಂದ ಥರ್ಮಾಮೀಟರ್ ಸುಳ್ಳು ಹೇಳುತ್ತಿತ್ತು. ಅದು ತೋರಿಸಿದ್ದು 350 ಡಿಗ್ರಿ ಫ್ಯಾರನ್‌ಹೀಟ್, ಎಣ್ಣೆ ಇದ್ದದ್ದು 390. ಚರ್ಮ ಕಪ್ಪಾಯಿತು, ತೊಡೆಯ ಮೂಳೆ ಹತ್ತಿರ ಬೇಯಲೇ ಇಲ್ಲ. ದೂರು ಕೊಟ್ಟರೆ ಇಡೀ ಸೆಟ್ಟನ್ನು ಡಬ್ಬ ಸಮೇತ ವಾಪಸ್ ಕಳಿಸಿ ಅಂದರು. ಸಾಗಣೆ ಖರ್ಚು ನನ್ನದೇ ಅಂತೆ! ಬೇರೆ ಥರ್ಮಾಮೀಟರ್ ಕೊಂಡೆ, 35 ಡಾಲರ್.

ಈಗ ನಮ್ಮ ಬೀದಿಯವರೆಲ್ಲ ನನ್ನ ಟರ್ಕಿಗೆ ಕಾಯುತ್ತಾರೆ. ಪೌಂಡಿಗೆ ಮೂರೂವರೆ ನಿಮಿಷ. 12 ಪೌಂಡಿನದು ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ. ಬ್ಯಾಡಗಿ ಮೆಣಸು, ಬೆಳ್ಳುಳ್ಳಿ ಅರೆದು, ಬೆಣ್ಣೆಯಲ್ಲಿ ಕಾಯಿಸಿ, ಬಟ್ಟೆಯಲ್ಲಿ ಸೋಸಿ ಸೂಜಿಯಿಂದ ಎದೆಗೆ ತುಂಬುತ್ತೇನೆ. ಸೋಸದಿದ್ದರೆ ಸೂಜಿ ಕಟ್ಟಿಕೊಳ್ಳುತ್ತದೆ. ಚರ್ಮ ಹಪ್ಪಳದ ಹಾಗೆ ಮುರಿಯುತ್ತದೆ. ಓವನ್‌ನಲ್ಲಿ ಇದು ಜನ್ಮದಲ್ಲಿ ಬರುವುದಿಲ್ಲ.

ನೇಪರ್‌ವಿಲ್ ಮಂಗಳೂರು:
ಅವರು ಟೌನ್‌ಹೌಸ್ ಅಂತ ಬರೆದಿದ್ದಾರೆ, ಓದಿದಿರಾ? ಎಣ್ಣೆ ಪಾತ್ರೆಯನ್ನು ಮನೆ, ಮರದ ಜಗಲಿ, ಬೇಲಿ ಎಲ್ಲದರಿಂದ ದೂರ ಇಡಬೇಕು. ಅಷ್ಟು ಜಾಗ ಅಲ್ಲಿ ಎಲ್ಲಿದೆ? ನಮ್ಮ ಹಿಂದಿನ ಸಾಲಿನಲ್ಲಿ ಒಬ್ಬರು ಪೂರ್ತಿ ಕರಗದ ಟರ್ಕಿಯನ್ನು ಕಾದ ಎಣ್ಣೆಗೆ ಇಳಿಸಿದರು. ಹೊಟ್ಟೆಯೊಳಗಿನ ಐಸು ಒಮ್ಮೆಗೇ ಆವಿಯಾಗಿ ಎಣ್ಣೆ ಉಕ್ಕಿತು, ಬರ್ನರ್ ಮೇಲೆ ಬಿತ್ತು. ಬೇಲಿ ಪೂರ್ತಿ ಹೋಯಿತು. ಮಕ್ಕಳಿರುವ ಮನೆಗೆ ಇದನ್ನು ಹೇಳಬೇಡಿ.

ನನ್ನದು 18 ಕ್ವಾರ್ಟಿನ ಎಲೆಕ್ಟ್ರಿಕ್ ರೋಸ್ಟರ್. ತೆರಿಗೆ ಸೇರಿ 84 ಡಾಲರ್. ಒಳಗಿನ ಪಾತ್ರೆಯ ಕೋಟಿಂಗ್ ಎರಡನೇ ವರ್ಷಕ್ಕೇ ಎದ್ದು ಬಂತು. ವಾರಂಟಿ ಒಂದೇ ವರ್ಷ, ಅದೂ ಕೋಟಿಂಗ್‌ಗೆ ಅಲ್ಲವಂತೆ. ಬೇರೆ ಪಾತ್ರೆಗೆ 38, ಸಾಗಣೆಗೆ 14. ಆ ಸಿಟ್ಟು ಇನ್ನೂ ಇಳಿದಿಲ್ಲ. ಚರ್ಮವೂ ಬೆಳ್ಳಗೇ ಉಳಿಯುತ್ತದೆ, ಮುಚ್ಚಳದೊಳಗೆ ಹಬೆ ಕಟ್ಟುತ್ತದಲ್ಲ. ಆದರೂ ನಾನು ಬಿಡುವುದಿಲ್ಲ. ಓವನ್ ಖಾಲಿ ಉಳಿಯುತ್ತದೆ, ಅದರಲ್ಲಿ ಮಿಕ್ಕ ಅಡುಗೆ ಎಲ್ಲ ಆಗುತ್ತದೆ. ಬಫಾತ್ ಪುಡಿ (ನಮ್ಮ ಮಂಗಳೂರಿನ ಮಸಾಲೆ), ವಿನೆಗರ್, ಬೆಣ್ಣೆ ಕಲಸಿ ಚರ್ಮದ ಕೆಳಗೆ ತುಂಬುತ್ತೇನೆ. ತಳದಲ್ಲಿ ಇಳಿದ ರಸಕ್ಕೆ ನೀರುದೋಸೆ ಸಾಲುವುದೇ ಇಲ್ಲ.

ಆಸ್ಟಿನ್ ಕುಂದಾಪ್ರ:
ಕರಗದ ಟರ್ಕಿ ಇಳಿಸಿದ್ದು ಆ ಮನುಷ್ಯನ ತಪ್ಪು, ಪಾತ್ರೆಯದ್ದಲ್ಲ. ಮೊದಲೇ ನೀರು ತುಂಬಿ, ಟರ್ಕಿ ಮುಳುಗಿಸಿ ತೆಗೆದು, ಎಣ್ಣೆ ಎಷ್ಟು ಹಾಕಬೇಕು ಅಂತ ನೀರಿನ ಮಟ್ಟಕ್ಕೆ ಗುರುತು ಹಾಕಿಕೊಳ್ಳಬೇಕು. ಅಷ್ಟೂ ಮಾಡದವರು ಗ್ಯಾಸ್ ಹಚ್ಚಬಾರದು. ಚರ್ಮ ಬೆಳ್ಳಗಿದ್ದರೆ ಅದು ಬೇಯಿಸಿದ್ದು, ರೋಸ್ಟ್ ಅಲ್ಲ.

ಶಾರ್ಲಟ್ ಕೊಡವತಿ:
ಇಬ್ಬರೂ ಸುಮ್ನೆ ದುಡ್ಡು ಸುರಿದಿದ್ದೀರಿ. ಬೆನ್ನುಮೂಳೆ ಕತ್ತರಿಸಿ ತೆಗೆಯಿರಿ. ಎದೆ ಒತ್ತಿ ಚಪ್ಪಟೆ ಮಾಡಿ, ತಟ್ಟೆಯ ಮೇಲೆ ಹರಡಿ. ಓವನ್ 450 ಡಿಗ್ರಿ ಫ್ಯಾರನ್‌ಹೀಟ್. 12 ಪೌಂಡಿನದು ಒಂದೂವರೆ ಗಂಟೆಯೊಳಗೆ ಆಗುತ್ತದೆ. ಇಡಿಯಾಗಿ 325ರಲ್ಲಿ ಇಟ್ಟರೆ ಮೂರು ಗಂಟೆ ಬೇಕು, ತೊಡೆ ಬೇಯುವಷ್ಟರಲ್ಲಿ ಎದೆ ಒಣಗಿ ಹೋಗುತ್ತದೆ. ಚಪ್ಪಟೆ ಮಾಡಿದರೆ ತೊಡೆಗೂ ನೇರ ಬಿಸಿ ತಾಗುತ್ತದೆ.

ನನ್ನ ಜಗಳ ಕತ್ತರಿಯದ್ದು. 16 ಡಾಲರ್ ಕತ್ತರಿಯ ಸ್ಪ್ರಿಂಗ್ ಅರ್ಧ ಬೆನ್ನಿನಲ್ಲೇ ಹಾರಿತು. 28 ಡಾಲರಿನದು ಬಾಗಿತು. ಕೊನೆಗೆ 60 ಕೊಟ್ಟು ಜರ್ಮನಿಯದು ತಂದೆ, ಅದು ಇವತ್ತಿಗೂ ಇದೆ. ಉಪ್ಪು ಹಿಂದಿನ ದಿನವೇ ಸವರಿ, ಫ್ರಿಜ್‌ನಲ್ಲಿ ಮುಚ್ಚದೆ ಇಡುತ್ತೇನೆ. ಇಲ್ಲಿನ ದಪ್ಪ ಉಪ್ಪಿನಲ್ಲಿ ಎರಡು ಬ್ರ್ಯಾಂಡ್. ಡೈಮಂಡ್ ಕ್ರಿಸ್ಟಲ್ ಅಳತೆಗೆ ಮಾರ್ಟನ್ ಹಾಕಬೇಡಿ, ಅದೇ ಚಮಚಕ್ಕೆ ಹತ್ತಿರ ಹತ್ತಿರ ಎರಡರಷ್ಟು ತೂಗುತ್ತದೆ. ಟರ್ಕಿ ಕವರಿನ ಚೀಟಿಯಲ್ಲಿ ಸೊಲ್ಯೂಷನ್ ಅಂತ ಇದ್ದರೆ ಮೊದಲೇ ಉಪ್ಪುನೀರು ತುಂಬಿದ್ದಾರೆ ಅಂತ ಅರ್ಥ. ಮತ್ತೆ ಉಪ್ಪು ಬೇಡ. ಕಾಳುಮೆಣಸು, ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಸಾಕು. ಬೆನ್ನುಮೂಳೆಯಿಂದ ಸಾರು.

ಫ್ರೀಮಾಂಟ್ ಇದ್ದಿಲು:
ಇದ್ದಿಲಿನ ಮುಂದೆ ಯಾವುದೂ ನಿಲ್ಲುವುದಿಲ್ಲ. 22 ಇಂಚಿನ ವೆಬರ್ ಕೆಟಲ್ (ಮುಚ್ಚಳದ ದುಂಡು ಇದ್ದಿಲ ಗ್ರಿಲ್) ಹಳೆಯದು, 60 ಡಾಲರ್‌ಗೆ ಸಿಕ್ಕಿತು. ಇದ್ದಿಲು ಎರಡೂ ಬದಿಗೆ, ನಡುವೆ ಟರ್ಕಿ, ಕೆಳಗೆ ನೀರಿನ ತಟ್ಟೆ, ಸೇಬಿನ ಕಟ್ಟಿಗೆ ಎರಡು ತುಂಡು. ಹೋದ ಸಲ ಒಳಗಿನ ಬಿಸಿ ಎದೆಯಲ್ಲಿ 165 ಡಿಗ್ರಿ, ತೊಡೆಯಲ್ಲಿ 178. ಸರಕಾರ ಹೇಳುವುದೂ 165 ತಾನೇ? ಕೊಯ್ದರೆ ಒಳಗೆ ಗುಲಾಬಿ ಬಣ್ಣ. ಹೊಗೆಯಲ್ಲಿ ಬೆಂದ ಮಾಂಸ ಪೂರ್ತಿ ಬೆಂದ ಮೇಲೂ ಹಾಗೇ ಕಾಣುತ್ತದೆ. ನಮ್ಮ ಮಾವನವರು ಹಸಿ ಅಂದರು, ತಟ್ಟೆ ಸರಿಸಿದರು. ಥರ್ಮಾಮೀಟರ್ ತೋರಿಸಿದೆ, ನೋಡಲಿಲ್ಲ. ಮನೆಯವಳು ಎಲ್ಲವನ್ನೂ ಕುಕ್ಕರಿಗೆ ಹಾಕಿ ಮೂರು ಸೀಟಿ ಕೂಗಿಸಿದಳು. ಇಡೀ ದಿನದ ಕೆಲಸ ಹೋಯಿತು. ಇವತ್ತಿಗೂ ಹೇಳುತ್ತೇನೆ, ಅದು ನನ್ನ ಅತ್ಯುತ್ತಮ ಟರ್ಕಿ.

ನೇಪರ್‌ವಿಲ್ ಮಂಗಳೂರು:
ಹಿರಿಯರಿಗೆ ಮೂಳೆ ಬಿಡುವ ಹಾಗೆ ಬೆಂದಿರಬೇಕು. ಅದರಲ್ಲಿ ತಪ್ಪೇನು? ಅದಕ್ಕೇ ರೋಸ್ಟರ್ ಅಂದದ್ದು. ಅಂದ ಹಾಗೆ, ಅರಿಸಿನ ಉಪ್ಪು ಹಾಕಿ ತೊಳೆಯುವ ಮಾತು ಯಾರೂ ಎತ್ತಲೇ ಇಲ್ಲವಲ್ಲ.

ಶಾರ್ಲಟ್ ಕೊಡವತಿ:
ಯಾಕೆಂದರೆ ತೊಳೆಯಬಾರದು. ನೀರು ಸಿಡಿದು ಸಿಂಕ್, ಪಕ್ಕದ ಸೊಪ್ಪು ತರಕಾರಿ ಎಲ್ಲಕ್ಕೂ ಕೊಳೆ ಹರಡುತ್ತದೆ. ಇಲ್ಲಿನ ಕೃಷಿ ಇಲಾಖೆ ಎಷ್ಟೋ ವರ್ಷದಿಂದ ಹೇಳುತ್ತಿದೆ. ಪೇಪರ್ ಟವೆಲಿನಿಂದ ಒರೆಸಿದರೆ ಸಾಕು.

ನೇಪರ್‌ವಿಲ್ ಮಂಗಳೂರು:
ನಮ್ಮ ಅಜ್ಜಿಯರೆಲ್ಲ ತೊಳೆದೇ ಮಾಡಿದ್ದು. ತೊಳೆಯದ ಮಾಂಸ ನಾನು ಬಾಯಿಗೆ ಇಡುವುದಿಲ್ಲ.

ಶಾರ್ಲಟ್ ಕೊಡವತಿ:
ಅಜ್ಜಿಯರು ಕಣ್ಣೆದುರೇ ಕೊಯ್ದ ಕೋಳಿ ತೊಳೆದರು. ಅದರಲ್ಲಿ ರಕ್ತ, ಪುಕ್ಕ ಇರುತ್ತಿತ್ತು. ಇದು ಕಾರ್ಖಾನೆಯಲ್ಲೇ ತೊಳೆದು ಬಂದದ್ದು. ನಮ್ಮ ಮನೆಯಲ್ಲಿ ಒಂದು ವರ್ಷ ನಾದಿನಿ ತೊಳೆದರು, ಪಕ್ಕದಲ್ಲೇ ಸಲಾಡ್ ಇತ್ತು. ಮರುದಿನ ಮಗು ಸಮೇತ ನಾವು ಎಮರ್ಜೆನ್ಸಿಯಲ್ಲಿ. ಬಿಲ್ಲು 1,900 ಡಾಲರ್. ಸುಮ್ಮನೆ ಹೇಳುತ್ತಿಲ್ಲ.

ಆಸ್ಟಿನ್ ಕುಂದಾಪ್ರ:
ಅದು ಸಲಾಡಿನಿಂದಲೇ ಬಂದದ್ದು ಅಂತ ಯಾರು ಹೇಳಿದರು?

ಶಾರ್ಲಟ್ ಕೊಡವತಿ:
ಡಾಕ್ಟರ್ ಹೇಳಿದರು. ಇನ್ನೇನು ಬೇಕು ನಿಮಗೆ?

ಎಡಿಸನ್ ಹೊಸಬಳು:
ದಯವಿಟ್ಟು ಒಂದು ಹೇಳಿ. ಇವತ್ತು ಮಂಗಳವಾರ ರಾತ್ರಿ. ಟರ್ಕಿ ಇನ್ನೂ ಫ್ರೀಜರಿನಲ್ಲೇ ಇದೆ.

ಶಾರ್ಲಟ್ ಕೊಡವತಿ:
ಅಯ್ಯೋ, ಅದನ್ನು ಮೊದಲೇ ಹೇಳಬಾರದಾ! ಫ್ರಿಜ್‌ನಲ್ಲಾದರೆ 14 ಪೌಂಡಿಗೆ ಮೂರು ದಿನಕ್ಕಿಂತ ಜಾಸ್ತಿ ಬೇಕು, ಆ ದಾರಿ ಮುಗಿಯಿತು. ಗುರುವಾರ ನಸುಕಿನಲ್ಲೇ ಕವರ್ ಸಮೇತ ತಣ್ಣೀರಲ್ಲಿ ಮುಳುಗಿಸಿ. ಪೌಂಡಿಗೆ ಅರ್ಧ ಗಂಟೆ, ಅಂದರೆ ಏಳು ಗಂಟೆ. ಅರ್ಧ ಗಂಟೆಗೊಮ್ಮೆ ನೀರು ಬದಲಿಸಿ. ಬಿಸಿನೀರು ಬೇಡ, ಹೊರಗೆ ಸುಮ್ಮನೆ ಇಡುವುದೂ ಬೇಡ. ಕರಗಿದ ಕೂಡಲೇ ಬೇಯಿಸಿ. ಒಳಗಿನ ಲಿವರ್ ಚೀಲ ತೆಗೆಯಿರಿ, ಕತ್ತಿನ ಕಡೆಯೂ ಕೈ ಹಾಕಿ ನೋಡಿ.

ಫ್ರೀಮಾಂಟ್ ಇದ್ದಿಲು:
ಥರ್ಮಾಮೀಟರ್ ಕೊಳ್ಳಿ. ಟರ್ಕಿಯಲ್ಲೇ ಚುಚ್ಚಿ ಬರುವ, ಬೆಂದಾಗ ಮೇಲೇಳುವ ಪ್ಲಾಸ್ಟಿಕ್ ಬಟನ್ ನಂಬಬೇಡಿ. ಅದು ಏಳುವ ಹೊತ್ತಿಗೆ ಎದೆ ಒಣಗಿರುತ್ತದೆ.

ನೇಪರ್‌ವಿಲ್ ಮಂಗಳೂರು:
ಏಳು ಗಂಟೆ ನೀರಲ್ಲಿಡಬಹುದು, ತೊಳೆಯಬಾರದು! ಇದು ಯಾವ ನ್ಯಾಯ?

ಶಾರ್ಲಟ್ ಕೊಡವತಿ:
ಕವರ್ ಸಮೇತ ಅಂತ ಬರೆದಿದ್ದೇನೆ. ಓದಿ.