ಕಾಲ್ಫೈಟ್ ಕ್ವೀನ್‌ಗೆ ರೆಕ್ಕೆ ಬಂದ ಮೇಲೆ ಏಟೇ ಬೀಳುತ್ತಿಲ್ಲ, ಯಾರಾದರೂ ಸಹಾಯ ಮಾಡಿ

ಮರಳುಗಾಡಿನ_ಮಂಜ:
ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಆನ್‌ಲೈನ್ ಆಟ ಆಡುವವರು ಇದ್ದೀರಾ? ತಲೆ ಕೆಟ್ಟು ಹೋಗಿದೆ. ಕಾಲ್ಫೈಟ್ ಕ್ವೀನ್ ಅನ್ನುವ ಈ ಆನೆಗಾತ್ರದ ಹುಳದ ಮೊದಲ ರೂಪ ಸುಲಭವಾಗಿ ಸಾಯುತ್ತದೆ. ಆಮೇಲೆ ಚಿಪ್ಪು ಬಿಟ್ಟು ಗುಂಯ್ ಅಂತ ರೆಕ್ಕೆ ಬಡಿಯುತ್ತಾ ಎದ್ದು ಬರುತ್ತದಲ್ಲ, ಅಲ್ಲಿಂದ ಹೆಚ್ಚೂಕಡಿಮೆ ಬರೀ ನೀಲಿ ಸೊನ್ನೆ, ಏಟೇ ತಾಗುವುದಿಲ್ಲ. ವೆರಾಕ್ (ಕವಚ, ಆಯುಧದ ಸೆಟ್) ಹಾಕಿಕೊಂಡೇ ಹೋಗಿದ್ದೇನೆ. ಜೀವ ತುಂಬಿಕೊಳ್ಳಲು ತಿನ್ನುವ ನನ್ನ ಶಾರ್ಕ್ ಎಲ್ಲ ಖಾಲಿ, ಅದು ಮಾತ್ರ ಹಾಗೇ ಇದೆ. ಬಗ್ ಇರಬಹುದಾ?

ಪಿಂಗ್_ಪಾಂಡು:
ಯಾವ ವರ್ಲ್ಡ್, ಅಂದರೆ ಯಾವ ದೇಶದ ಸರ್ವರ್? ಪಿಂಗ್ (ಸರ್ವರ್‌ಗೆ ಹೋಗಿ ಬರುವ ಸಮಯ) ಎಷ್ಟು? ಅಮೆರಿಕದ್ದಾದರೆ ಗ್ಯಾರಂಟಿ ಅದೇ ಕಾರಣ.

ಮರಳುಗಾಡಿನ_ಮಂಜ:
ಜರ್ಮನಿ. 160.

ಪಿಂಗ್_ಪಾಂಡು:
ಜಾಸ್ತಿ ಆಯಿತು. ವೈಫೈ ಅಲ್ವಾ? ಕೇಬಲ್ ಹಾಕಿ.

ಫಾಲಡಾರ್_ಫಣಿ:
ಪಾಂಡು ಅವರೇ, ಎಲ್ಲದಕ್ಕೂ ಪಿಂಗ್ ಅನ್ನಬೇಡಿ. ಈ ಆಟದ ಟಿಕ್, ಅಂದರೆ ಒಂದು ಹೆಜ್ಜೆಯ ಸಮಯ, 0.6 ಸೆಕೆಂಡ್. 160 ಮಿಲಿಸೆಕೆಂಡ್ ಅದರೊಳಗೆ ಆರಾಮಾಗಿ ಹಿಡಿಸುತ್ತದೆ. ಪ್ರೇಯರ್ (ಏಟು ತಡೆಯುವ ರಕ್ಷಣೆ) ಬದಲಿಸುವುದು ತಡ ಆಗಬಹುದು, ಏಟು ಸೊನ್ನೆ ಆಗುವುದಿಲ್ಲ. ಕ್ವೀನ್‌ನ ಮೊದಲ ರೂಪ ಪ್ರೇಯರ್‌ನಿಂದ ಮ್ಯಾಜಿಕ್, ರೇಂಜ್ (ಬಿಲ್ಲಿನಂಥ ದೂರದ ಏಟು) ಎರಡನ್ನೂ ತಡೆಯುತ್ತದೆ. ರೆಕ್ಕೆ ಬಂದದ್ದು ಮೆಲೀ (ಹತ್ತಿರದ ಏಟು) ತಡೆಯುತ್ತದೆ. ಒಂದೊಂದಕ್ಕೂ 255 ಎಚ್‌ಪಿ (ಜೀವ). ಎರಡನೆಯದಕ್ಕೆ ಕ್ರಾಸ್‌ಬೋ ತೆಗೆದುಕೊಂಡು ಹೋಗಿ, ಮುಗೀತು.

ಮರಳುಗಾಡಿನ_ಮಂಜ:
ಚೀಲದಲ್ಲಿ ಜಾಗ ಎಲ್ಲಿದೆ ಸ್ವಾಮಿ? ಹಗ್ಗ ಎರಡು, ನೀರಿನ ಚೀಲ, ಪ್ರೇಯರ್ ಪೋಷನ್, ಶಾರ್ಕ್. ಇರುವುದೇ 28 ಜಾಗ. ಆ ಪ್ರೇಯರ್ ದಾಟಲಿ ಅಂತಲೇ ತಾನೆ ವೆರಾಕ್ ಕೊಂಡಿದ್ದು?

ಫಾಲಡಾರ್_ಫಣಿ:
ನಡೆದುಕೊಂಡು ಹೋಗುತ್ತೀರಾ? ಫೇರಿ ರಿಂಗ್‌ನಲ್ಲಿ (ಥಟ್ಟನೆ ಬೇರೆಡೆ ಒಯ್ಯುವ ಮಾಯಾವೃತ್ತ) ಬಿಐಕ್ಯೂ ಕೋಡ್ ಒತ್ತಿ, ಗುಹೆಯ ಹತ್ತಿರವೇ ಇಳಿಯುತ್ತೀರಿ. ರಾಶಿ ನೀರು ಹೊರುವುದು ತಪ್ಪುತ್ತದೆ.

ಪಿಂಗ್_ಪಾಂಡು:
ಒಮ್ಮೆ ರೂಟರ್ ಆಫ್ ಮಾಡಿ ಆನ್ ಮಾಡಿ. ನಾನು ಫೈಬರ್ ಹಾಕಿಸಿದ ಮೇಲೆ ಪಿಂಗ್ ಅಲ್ಲಾಡಿಲ್ಲ. ಜೊತೆಗೆ 144 ಹರ್ಟ್ಸ್ ಮಾನಿಟರ್, ಮೆಕ್ಯಾನಿಕಲ್ ಕೀಬೋರ್ಡ್. ಫೋಟೋ ಬೇಕಾದರೆ ಹಾಕುತ್ತೇನೆ.

ಕೊಡಲಿ_ಕಿಟ್ಟಿ:
2007ರ ಆಟಕ್ಕೆ 144 ಹರ್ಟ್ಸಾ! ನಾನು ಬಸ್ಸಲ್ಲಿ ನಿಂತುಕೊಂಡು ಮೊಬೈಲಲ್ಲಿ ಆಡುತ್ತೇನೆ. ಮಂಜಣ್ಣ, ಕೇರಿಸ್ ಕಠಾರಿ ತೆಗೆದುಕೊಳ್ಳಿ. ಈ ಕಾಲ್ಫೈಟ್ ಹುಳಗಳಿಗೆ 33 ಪರ್ಸೆಂಟ್ ಜಾಸ್ತಿ ಏಟು, 51 ಏಟಿಗೆ ಒಂದು ಮೂರು ಪಟ್ಟು.

ಫಾಲಡಾರ್_ಫಣಿ:
ಅದೂ ಮೆಲೀನೇ ಅಲ್ವಾ ಮಾರಾಯ. ಅವರು ಕೇಳಿದ್ದು ಎರಡನೇ ರೂಪದ ಬಗ್ಗೆ.

ಕೊಡಲಿ_ಕಿಟ್ಟಿ:
ಗೊತ್ತು. ಮೊದಲನೆಯದು ಬೇಗ ಮುಗಿದರೆ ಶಾರ್ಕ್ ಉಳಿಯುತ್ತದೆ ಅಂದೆ. ನೀವು ಪೂರ್ತಿ ಓದುವುದೇ ಇಲ್ಲ.

ಶಾಂಟೇ_ಶಾಂತಕ್ಕ:
ಮಂಜ, ವೆರಾಕ್ ಅಂದರೆ ಏನೇನು ಹಾಕಿದ್ದೀಯ? ಸ್ಕ್ರೀನ್‌ಶಾಟ್ ಹಾಕು.

ಮರಳುಗಾಡಿನ_ಮಂಜ:
ಎಲ್ಲ ಇದೆ ಅಕ್ಕ. ಫ್ಲೇಲ್ (ಗದೆ), ಬ್ರಾಸರ್ಡ್ (ಎದೆಕವಚ), ಸ್ಕರ್ಟ್. ಕಾಲ್ಫೈಟ್ ಕೊಲ್ಲುವ ಸ್ಲೇಯರ್ ಟಾಸ್ಕ್ ನಡೆಯುತ್ತಿದೆಯಲ್ಲ, ತಲೆಗೆ ಸ್ಲೇಯರ್ ಹೆಲ್ಮೆಟ್.

ಶಾಂಟೇ_ಶಾಂತಕ್ಕ:
ಅಲ್ಲೇ ಇದೆ ನೋಡು. ತಲೆಯ ಹೆಲ್ಮ್ ಸೇರಿ ನಾಲ್ಕೂ ವೆರಾಕ್‌ನದ್ದೇ ಇದ್ದರೆ ಮಾತ್ರ ಸೆಟ್ ಕೆಲಸ ಮಾಡುವುದು. ಒಂದು ತೆಗೆದರೂ ಅದು ಸುಮ್ನೆ ಒಂದು ಗದೆ. ನಾಲ್ಕೂ ಇದ್ದರೂ ಪ್ರತಿ ಏಟೂ ಪ್ರೇಯರ್ ದಾಟುವುದಿಲ್ಲ, 25 ಪರ್ಸೆಂಟ್ ಅಷ್ಟೇ. ಮಿಕ್ಕಿದ್ದು ಸೊನ್ನೆ ಬಂದರೆ ಮತ್ತೆ ಬಂದು ಕಿರುಚಬೇಡ.

ಮರಳುಗಾಡಿನ_ಮಂಜ:
ಆದರೆ ಟಾಸ್ಕಲ್ಲಿ ಸ್ಲೇಯರ್ ಹೆಲ್ಮೆಟ್ ಆರನೇ ಒಂದು ಪಾಲು ಜಾಸ್ತಿ ಏಟು ಕೊಡುತ್ತದಲ್ಲ? ಅದನ್ನು ಬಿಟ್ಟುಬಿಡುವುದಾ?

ಫಾಲಡಾರ್_ಫಣಿ:
ಸೊನ್ನೆಯಲ್ಲಿ ಆರನೇ ಒಂದು ಪಾಲು ಎಷ್ಟಪ್ಪಾ?

ಪಿಂಗ್_ಪಾಂಡು:
ಆದರೂ ಕೇಬಲ್ ಹಾಕಿ ನೋಡುವುದರಲ್ಲಿ ನಷ್ಟ ಏನಿಲ್ಲ.

ಕೊಡಲಿ_ಕಿಟ್ಟಿ:
ಅದಿರಲಿ, ಕ್ವೀನ್ ಕೊಂದಾಗ ಸಿಗುವ ಪ್ರಿನ್ಸೆಸ್ ಪೆಟ್ (ಸಾಕುಹುಳ) ಯಾರ ಹತ್ತಿರ ಇದೆ? 3000 ಸಲ ಕೊಂದರೆ ಒಂದು. ನನ್ನದು ಬಾಲದ ಹಾಗೆ ಹಿಂದೆಯೇ ಓಡಾಡುತ್ತಿದೆ. ಬೇಕಾದರೆ ರೆಕ್ಕೆಯ ರೂಪಕ್ಕೂ ಬದಲಿಸಬಹುದು. ಮನೆಯಲ್ಲಿ ತೋರಿಸಿದರೆ ಜಿರಳೆ ಅಂದರು.

ಶಾಂಟೇ_ಶಾಂತಕ್ಕ:
ಅದಕ್ಕೆ ಬೇರೆ ಚರ್ಚೆ ಶುರು ಮಾಡು ಕಿಟ್ಟಿ. ಮಂಜ, ವೆರಾಕ್ ಹೆಲ್ಮ್ ಸವೆದಿದ್ದರೆ ಲಂಬ್ರಿಜ್ ಊರಿನ ಅಂಗಡಿಯ ಬಾಬ್ ಹತ್ತಿರ ರಿಪೇರಿ ಮಾಡಿಸಿಕೋ.

ಮರಳುಗಾಡಿನ_ಮಂಜ:
ಹೆಲ್ಮ್ ಮಾರಿ ಶಾರ್ಕ್ ಕೊಂಡೆ ಅಕ್ಕ. ಈಗ ಗ್ರ್ಯಾಂಡ್ ಎಕ್ಸ್‌ಚೇಂಜ್‌ನಲ್ಲಿ (ಆಟದ ಮಾರುಕಟ್ಟೆ) ಅದರ ರೇಟ್ ಎಷ್ಟಿದೆ?